ಪಿಕಪ್ಪಿನ ಕ್ಲಚ್ ಮೆತ್ತಗಾದರೆ ಮೊದಲು ಎಣ್ಣೆ ಡಬ್ಬಿ ನೋಡಿ

2019ರ ಅಕ್ಟೋಬರ್ ಮೊದಲ ವಾರ. ಅಪರೂಪಕ್ಕೆ ಈರುಳ್ಳಿಗೆ ಬೆಲೆ ಬಂದಿತ್ತು. ಅಷ್ಟರಲ್ಲಿ ಸೆಪ್ಟೆಂಬರ್ 29ಕ್ಕೆ ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಲ್ಲಿಸಿತು. ಇನ್ನು ರೇಟು ಬಿದ್ದೇ ಹೋಗುತ್ತೆ ಅಂತ ಚಳ್ಳಕೆರೆ ಕಡೆಯ ನಾವೆಲ್ಲ ಗಡಿಬಿಡಿಯಲ್ಲಿ ಕಿತ್ತು ಚೀಲ ತುಂಬಿಸುತ್ತಿದ್ದೆವು. ನಾನೂ ನನ್ನ ಹಳೇ ಪಿಕಪ್ಪಿಗೆ 25 ಚೀಲ ಹೇರಿಕೊಂಡು ರಾತ್ರಿ ಬೆಂಗಳೂರಿಗೆ ಹೊರಟೆ. ಹಿರಿಯೂರು ದಾಟಿ ಶಿರಾ ಹತ್ತಿರ ಬಂದಾಗ ಕ್ಲಚ್ ಪೆಡಲ್ ಕಾಲಿನ ಜೊತೆಗೇ ನೆಲಕ್ಕೆ ಹೋಯ್ತು. ಮತ್ತೆ ಮೇಲೆ ಬರಲಿಲ್ಲ.

ಬೆಳಗಿನ ತನಕ ರಸ್ತೆ ಬದಿಯಲ್ಲಿ ಕೂತೆ. ಬೇರೆ ಗಾಡಿ ಹಿಡಿದು, ಚೀಲ ಇಳಿಸಿ ಹತ್ತಿಸಿ ಮಾಲು ಕಳಿಸಿದೆ. ಬಾಡಿಗೆ, ಹಮಾಲಿ ಎಲ್ಲ ಸೇರಿ ನಾಲ್ಕೂವರೆ ಸಾವಿರ ಕೈ ಬಿಟ್ಟಿತು. ಒಂದು ದಿನದ ಮಾರುಕಟ್ಟೆಯೂ ತಪ್ಪಿತು.

ಮೊದಲು ಸಿಕ್ಕಿದ ಮೆಕ್ಯಾನಿಕ್ ಗಾಡಿ ಕೆಳಗೆ ಬಗ್ಗಿಯೂ ನೋಡಲಿಲ್ಲ. "ಕ್ಲಚ್ ಪ್ಲೇಟ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು, ಹತ್ತು ಸಾವಿರ ಆಗುತ್ತೆ" ಅಂದ. ಪಕ್ಕದಲ್ಲಿ ಇನ್ನೊಬ್ಬ ವಯಸ್ಸಾದ ಮೇಸ್ತ್ರಿ ಇದ್ದರು. ಅವರು ಬಾನೆಟ್ ಎತ್ತಿ, ಕ್ಲಚ್ ಎಣ್ಣೆ ಡಬ್ಬಿಯ ಮುಚ್ಚಳ ತೆಗೆದು, ಬೆರಳು ಅದ್ದಿ ನೋಡಿದರು.

"ಯಜಮಾನ್ರೇ, ಇದಕ್ಕೆ ಏನು ಹಾಕಿದ್ರಿ?"

"ಎಣ್ಣೆ ಕಮ್ಮಿ ಆಗಿತ್ತು. ಟ್ರ್ಯಾಕ್ಟರಿನ ಎಂಜಿನ್ ಆಯಿಲ್ ಉಳಿದಿತ್ತು, ಒಂದು ಲೋಟ ಹಾಕಿದೆ."

"ಅದೇ ನೋಡ್ರಿ ಆಗಿದ್ದು. ಒಳಗಿನ ರಬ್ಬರಿಗೆ ಆ ಎಣ್ಣೆ ವಿಷ ಇದ್ದಂಗೆ."

ತಪ್ಪು ಗಾಡಿಯದಲ್ಲ, ನನ್ನದೇ. ಆವತ್ತು ಅವರ ಪಕ್ಕ ಕೂತು ಕಲಿತದ್ದನ್ನು, ಆಮೇಲೆ ನಾನೇ ಮಾಡಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದು ಕೆಲಸ ಮಾಡೋದು ಹೇಗೆ?

ಕೆಲವು ಗಾಡಿಗಳಲ್ಲಿ ಪೆಡಲಿನಿಂದ ಕ್ಲಚ್ಚಿಗೆ ತಂತಿ ಇರುತ್ತೆ. ಹೈಡ್ರಾಲಿಕ್ ಇದ್ದರೆ ತಂತಿಯ ಬದಲು ಎಣ್ಣೆ. ಪೆಡಲ್ ಒತ್ತಿದಾಗ ಮೇಲಿನ ಮಾಸ್ಟರ್ ಸಿಲಿಂಡರ್ ಎಣ್ಣೆಯನ್ನು ಪೈಪಿಗೆ ತಳ್ಳುತ್ತೆ. ಆ ಒತ್ತಡಕ್ಕೆ ಗೇರ್ ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿನ ಕಡ್ಡಿ ಮುಂದೆ ಬಂದು ಫೋರ್ಕನ್ನು ತಳ್ಳುತ್ತೆ. ಆಗ ಪ್ಲೇಟು ಬಿಡುತ್ತೆ, ಗೇರ್ ಬೀಳುತ್ತೆ. ಎರಡೂ ಸಿಲಿಂಡರಿನಲ್ಲಿ ಎಣ್ಣೆ ಹಿಡಿದಿಡೋದು ಚಿಕ್ಕ ರಬ್ಬರ್ ವಾಷರುಗಳು.

ಎಣ್ಣೆಯನ್ನು ಅದುಮಲು ಆಗಲ್ಲ, ಗಾಳಿಯನ್ನು ಅದುಮಬಹುದು. ಪೈಪಿನೊಳಗೆ ಗಾಳಿ ಸೇರಿದರೆ ಪೆಡಲ್ ಒತ್ತಿದ ಬಲ ಗಾಳಿ ಅದುಮೋದಕ್ಕೇ ಮುಗಿದು ಹೋಗುತ್ತೆ. ಕಡ್ಡಿ ಸಾಕಷ್ಟು ಮುಂದೆ ಬರಲ್ಲ. ರಿವರ್ಸ್ ಹಾಕಿದರೆ ಕರಕರ ಅನ್ನುತ್ತೆ.

ಎಲ್ಲಿ ಕೆಟ್ಟಿದೆ ಅಂತ ತಿಳಿಯೋದು

ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ನೋಡಬೇಕು. ಎಂಜಿನ್ ಬಂದ್ ಇರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಿ.

1. ಡಬ್ಬಿಯ ಮಟ್ಟ ನೋಡಿ. ಈ ಎಣ್ಣೆ ಎಂಜಿನ್ ಆಯಿಲ್ ಹಾಗೆ ಉರಿದು ಖರ್ಚಾಗಲ್ಲ. ಕಮ್ಮಿ ಆಗುತ್ತಲೇ ಇದ್ದರೆ ಎಲ್ಲೋ ಸೋರಿದೆ ಅಂತಲೇ ತಿಳೀಬೇಕು.

2. ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿ ಸ್ವಲ್ಪ ಸರಿಸಿ. ಒಳಗೆ ಒದ್ದೆ ಇದ್ದರೆ ಅದರ ವಾಷರ್ ಹೋಗಿದೆ.

3. ಕ್ಯಾಬಿನ್ ಒಳಗೆ ಪೆಡಲಿನ ಮೇಲ್ಭಾಗ ಕೈಯಾಡಿಸಿ. ಜಿಡ್ಡು ಹತ್ತಿದರೆ, ಮ್ಯಾಟ್ ನೆನೆದಿದ್ದರೆ ಮಾಸ್ಟರ್ ಹಿಂದಕ್ಕೆ ಸೋರುತ್ತಿದೆ.

4. ಹೊರಗೆ ಎಲ್ಲೂ ಒದ್ದೆ ಇಲ್ಲ, ಆದರೆ ಪೆಡಲ್ ಒತ್ತಿ ಹಿಡಿದರೆ ನಿಧಾನಕ್ಕೆ ಕೆಳಗೆ ಇಳಿಯುತ್ತದೆ. ಆಗ ಮಾಸ್ಟರಿನ ಒಳ ವಾಷರ್ ಸವೆದು ಎಣ್ಣೆ ಹಿಂದಕ್ಕೆ ನುಸುಳುತ್ತಿರುತ್ತೆ.

5. ನಾಲ್ಕೈದು ಸಲ ಪಂಪ್ ಮಾಡಿದ ಮೇಲೆ ಪೆಡಲ್ ಗಟ್ಟಿ ಆದರೆ ಹೆಚ್ಚಾಗಿ ಏರ್ ಹಿಡಿದಿದೆ.

6. ಪೆಡಲ್ ಗಟ್ಟಿ ಇದೆ, ಸ್ಲೇವ್ ಕಡ್ಡಿಯೂ ಪೂರ್ತಿ ಮುಂದೆ ಬರುತ್ತೆ, ಆದರೂ ಗೇರ್ ಬೀಳಲ್ಲ ಅಂದ್ರೆ ಮಾತ್ರ ಪ್ಲೇಟು, ಫೋರ್ಕು, ಬೇರಿಂಗ್ ಕಡೆ ಅನುಮಾನ ಪಡಬೇಕು. ಗೇರ್ ಬಾಕ್ಸ್ ಇಳಿಸುವ ಮಾತು ಆಗ.

ಇಷ್ಟು ನೋಡೋಕೆ ಹತ್ತು ನಿಮಿಷ ಸಾಕು, ಒಂದು ಪೈಸೆ ಖರ್ಚಿಲ್ಲ.

ಏರ್ ತೆಗೆಯೋದು

ಡಬ್ಬಿ ತುಂಬಿಸಿ. ಸ್ಲೇವ್ ಸಿಲಿಂಡರಿನ ನಿಪ್ಪಲಿಗೆ ಪಾರದರ್ಶಕ ಪ್ಲಾಸ್ಟಿಕ್ ನಳಿಗೆ ಸಿಕ್ಕಿಸಿ, ಇನ್ನೊಂದು ತುದಿ ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಮೇಲಿನವರು ಪೆಡಲ್ ಪೂರ್ತಿ ಒತ್ತಿ ಹಿಡಿಯಬೇಕು. ಕೆಳಗಿನವರು ನಿಪ್ಪಲ್ ಸಡಿಲಿಸಿ, ಎಣ್ಣೆ ಗುಳ್ಳೆ ಹೊರಗೆ ಬಂದ ಮೇಲೆ ಬಿಗಿ ಮಾಡಬೇಕು. ಬಿಗಿ ಆದ ಮೇಲೆಯೇ ಪೆಡಲ್ ಬಿಡಬೇಕು. ಮೊದಲೇ ಬಿಟ್ಟರೆ ಗಾಳಿ ಮತ್ತೆ ಒಳಗೆ ಹೋಗುತ್ತೆ. ಗುಳ್ಳೆ ನಿಲ್ಲುವ ತನಕ ಹೀಗೇ ಮಾಡಿ. ನಡುವೆ ಡಬ್ಬಿ ಖಾಲಿ ಆಗಬಾರದು, ಆದರೆ ಮೊದಲಿಂದ ಶುರು ಮಾಡಬೇಕಾಗುತ್ತೆ. ಹೊರಬಂದ ಎಣ್ಣೆ ಮತ್ತೆ ಡಬ್ಬಿಗೆ ಹಾಕಬೇಡಿ.

ಸೋರುವ ಕಡೆ ಸರಿ ಮಾಡದೆ ಬರೀ ಏರ್ ತೆಗೆದರೆ ನಾಲ್ಕು ದಿನಕ್ಕೆ ಮತ್ತದೇ ಹಾಡು. ವಾಷರ್ ಹೋಗಿದ್ದರೆ ರಬ್ಬರ್ ಕಿಟ್ ಬದಲಿಸಿದರೆ ಸಾಕು. ಸಿಲಿಂಡರಿನ ಒಳಗೋಡೆ ಗೀರು ಬಿದ್ದಿದ್ದರೆ, ತುಕ್ಕು ಹಿಡಿದಿದ್ದರೆ ಹೊಸ ವಾಷರೂ ಉಳಿಯಲ್ಲ, ಸಿಲಿಂಡರನ್ನೇ ಬದಲಿಸಬೇಕು. ಒಳಭಾಗ ತೊಳೆಯಲು ಪೆಟ್ರೋಲು, ಡೀಸೆಲು, ಸೀಮೆಎಣ್ಣೆ ಬೇಡ. ಬ್ರೇಕ್ ಆಯಿಲ್‌ನಿಂದಲೇ ತೊಳೆಯಿರಿ.

ಯಾವ ಎಣ್ಣೆ?

ಡಬ್ಬಿಯ ಮುಚ್ಚಳದ ಮೇಲೆ ಅಥವಾ ಗಾಡಿ ಪುಸ್ತಕದಲ್ಲಿ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತೆ. ಅದೇ ಹಾಕಿ. ಇದು ಗಾಳಿಯ ತೇವ ಹೀರುತ್ತೆ, ತೇವದಿಂದ ಒಳಗೆ ತುಕ್ಕು ಹಿಡಿಯುತ್ತೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸೋದು ಒಳ್ಳೆಯದು. ಸೀಲ್ ತೆಗೆದು ವರ್ಷಗಟ್ಟಲೆ ಇಟ್ಟ ಬಾಟಲಿ ಬಳಸಬೇಡಿ. ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತೆ, ತಕ್ಷಣ ನೀರಿನಿಂದ ತೊಳೆಯಿರಿ. ಕಣ್ಣಿಗೆ ತಾಗದಂತೆ ಎಚ್ಚರ ಇರಲಿ.

ನನ್ನ ಗಾಡಿಯಲ್ಲಿ ಎಂಜಿನ್ ಆಯಿಲ್ ಎಲ್ಲ ಕಡೆ ಸೇರಿ ರಬ್ಬರೆಲ್ಲ ಊದಿ ಮೆತ್ತಗಾಗಿತ್ತು. ಎರಡೂ ಸಿಲಿಂಡರು, ಹೋಸ್ ಪೈಪು ಬದಲಿಸಿ, ಲೋಹದ ಪೈಪು ತೊಳೆದು ಸರಿ ಮಾಡಲು ಮೇಸ್ತ್ರಿಗೆ ಮೂರು ಸಾವಿರದ ಇನ್ನೂರು ಕೊಟ್ಟೆ. ಮೊದಲೇ ನೋಡಿದ್ದರೆ ಸ್ಲೇವಿನ ಒಂದು ಕಿಟ್ಟಿನಲ್ಲಿ ಮುಗಿಯುತ್ತಿತ್ತು.

ಇನ್ನೊಂದು ಮಾತು ಮರೀಬೇಡಿ. ಕೆಲವು ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ ಇರುತ್ತೆ. ನನ್ನದರಲ್ಲಿ ಬೇರೆ ಬೇರೆ ಇದ್ದದ್ದಕ್ಕೆ ಹೋದದ್ದು ಕ್ಲಚ್ ಮಾತ್ರ. ಒಂದೇ ಇದ್ದಿದ್ದರೆ ಆ ರಾತ್ರಿ 25 ಚೀಲದ ಭಾರಕ್ಕೆ ಬ್ರೇಕೂ ಹಿಡಿಯುತ್ತಿರಲಿಲ್ಲ. ಇದನ್ನು ಬರೆಯಲು ನಾನು ಇರುತ್ತಿದ್ದೆನೋ ಇಲ್ಲವೋ.

ಈಗ ಸೀಟಿನ ಕೆಳಗೆ ಸೀಲ್ ತೆಗೆಯದ ಒಂದು ಬಾಟಲಿ ಬ್ರೇಕ್ ಆಯಿಲ್, ನಿಪ್ಪಲಿಗೆ ಆಗುವ ಸ್ಪ್ಯಾನರ್, ಒಂದು ಮೊಳ ನಳಿಗೆ ಇಟ್ಟಿರುತ್ತೇನೆ. ಮಾಲು ಹೇರುವ ಹಿಂದಿನ ದಿನ ಬಾನೆಟ್ ಎತ್ತಿ ಡಬ್ಬಿ ನೋಡುತ್ತೇನೆ. ನೀವೂ ನೋಡಿ.