ತೋಳಪಟ್ಟಿ ಕೈತಪ್ಪಿದ ಮೇಲೆ

ಕಾಲೇಜು ತಂಡದ ನಾಯಕತ್ವವನ್ನು ನನ್ನಿಂದ ತೆಗೆದು ಜೂನಿಯರ್‌ಗೆ ಕೊಟ್ಟಾಗ ಒಂದು ವಾರ ಮೈದಾನದ ಕಡೆ ತಲೆಹಾಕಲಿಲ್ಲ. ಆಗ ರೂಮ್‌ಮೇಟ್ ಮೊಬೈಲಿನಲ್ಲಿ ತೋರಿಸಿದ್ದು ಸಾಮಿ ಹ್ಯೂಪಿಯಾ ಅವರ ಹಳೆಯ ಪಂದ್ಯಗಳನ್ನು.

ಐಸ್ ಹಾಕಿಗೆ ಪ್ರಾಣ ಬಿಡುವ ಫಿನ್ಲೆಂಡ್‌ನ ಡಿಫೆಂಡರ್ ಅವರು. 1995ರಲ್ಲಿ ನ್ಯೂಕ್ಯಾಸಲ್ ಟ್ರಯಲ್‌ಗೆ ಕರೆದು ವಾಪಸ್ ಕಳಿಸಿತ್ತು. ನೆದರ್ಲೆಂಡ್ಸ್‌ನಲ್ಲಿ ಆಡಿ 1999ರಲ್ಲಿ ಲಿವರ್‌ಪೂಲ್ ಸೇರಿದರು. ಬೆಲೆ 26 ಲಕ್ಷ ಪೌಂಡ್. ಅಲ್ಲಿನ ಲೆಕ್ಕದಲ್ಲಿ ಅಗ್ಗವೇ. 2001ರಲ್ಲಿ ತಂಡ ಒಂದೇ ಋತುವಿನಲ್ಲಿ ಮೂರು ಕಪ್ ಗೆದ್ದಿತು. ಆಮೇಲೆ ನಾಯಕರೂ ಆದರು.

2003ರ ಅಕ್ಟೋಬರ್‌ನಲ್ಲಿ ಕೋಚ್ ಆ ತೋಳಪಟ್ಟಿಯನ್ನು 23ರ ಸ್ಟೀವನ್ ಜೆರಾರ್ಡ್‌ಗೆ ಕೊಟ್ಟರು. ಹ್ಯೂಪಿಯಾ ಎಲ್ಲಿಗೂ ಹೋಗಲಿಲ್ಲ. 2005ರ ಚಾಂಪಿಯನ್ಸ್ ಲೀಗ್‌ನಲ್ಲಿ ಯುವೆಂಟಸ್ ವಿರುದ್ಧ, ಕಾರ್ನರ್‌ನಿಂದ ಬಂದ ಚೆಂಡನ್ನು ಗಾಳಿಯಲ್ಲೇ ಬಾರಿಸಿದ ಅವರ ಗೋಲನ್ನು ಹತ್ತು ಸಲವಾದರೂ ನೋಡಿದ್ದೇನೆ. ಇಸ್ತಾಂಬುಲ್ ಫೈನಲ್‌ನಲ್ಲಿ 3-0 ಹಿಂದಿದ್ದ ತಂಡ ಗೆದ್ದಾಗ ಅವರು ಕೊನೆಯವರೆಗೂ ಮೈದಾನದಲ್ಲಿದ್ದರು. ಕಪ್ ಎತ್ತಿದ್ದು ಜೆರಾರ್ಡ್.

ದೇಶಕ್ಕೆ 105 ಪಂದ್ಯ ಆಡಿದರೂ ಅವರಿಗೆ ಒಂದು ವಿಶ್ವಕಪ್ ದಕ್ಕಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಇದೇ.

2009ರ ಮೇ, ಆನ್‌ಫೀಲ್ಡ್‌ನಲ್ಲಿ ಕೊನೆಯ ಪಂದ್ಯ. ಮುಗಿಯಲು ಕೆಲವೇ ನಿಮಿಷವಿದ್ದಾಗ ಹ್ಯೂಪಿಯಾ ಬದಲಿಯಾಗಿ ಇಳಿದರು. ಅವರಿಗಾಗಿ ಹೊರನಡೆದವರು ಜೆರಾರ್ಡ್!

ಮರುದಿನ ಸಂಜೆ ಮಂಚದಡಿಯಿಂದ ಶೂ ಎಳೆದು ಮೈದಾನಕ್ಕೆ ಹೋದೆ. ಹೊಸ ಕ್ಯಾಪ್ಟನ್ ಓಡಿಬಂದ. ‘ಅಣ್ಣಾ, ಡಿಫೆನ್ಸ್‌ನಲ್ಲಿ ನಿಂತ್ಕೋತೀರಾ?’