ಕೋಶೀಯ ಪರೀಕ್ಷೆಗಳಲ್ಲಿ ಪೆಪ್ಟೈಡ್ ಹಾರ್ಮೋನುಗಳ ವಿಘಟನೆ: ಜಿಎಲ್‌ಪಿ-1ರ ನಿದರ್ಶನ

ಹಾರ್ಮೋನೊಂದರ ಸಾಮರ್ಥ್ಯವನ್ನು ಅಳೆಯಲು ಪ್ರಯೋಗಾಲಯಗಳಲ್ಲಿ ಕೃಷಿ ಮಾಡಿದ ಜೀವಕೋಶಗಳನ್ನು ಬಳಸುವುದು ರೂಢಿ. ಕೋಶಗಳಿರುವ ಕುಳಿಗಳಿಗೆ ಹಾರ್ಮೋನನ್ನು ಬೇರೆ ಬೇರೆ ಸಾರತೆಗಳಲ್ಲಿ ಸೇರಿಸಿ, ನಿಗದಿತ ಅವಧಿಯ ನಂತರ ಪ್ರತಿಕ್ರಿಯೆಯನ್ನು ಅಳೆಯಲಾಗುತ್ತದೆ. ಗರಿಷ್ಠ ಪ್ರತಿಕ್ರಿಯೆಯ ಅರ್ಧದಷ್ಟನ್ನು ಉಂಟುಮಾಡುವ ಸಾರತೆಯೇ ಸಾಮರ್ಥ್ಯದ ಸೂಚಕ. ಸೇರಿಸಿದ ಹಾರ್ಮೋನು ಪರೀಕ್ಷೆ ಮುಗಿಯುವವರೆಗೂ ಅಖಂಡವಾಗಿ ಉಳಿಯುತ್ತದೆ ಎಂಬ ಗ್ರಹಿಕೆ ಈ ಲೆಕ್ಕಾಚಾರಕ್ಕೆ ಆಧಾರವಾಗಿದೆ. ಪೆಪ್ಟೈಡ್ ಹಾರ್ಮೋನುಗಳ ವಿಷಯದಲ್ಲಿ ಈ ಗ್ರಹಿಕೆ ಅನೇಕ ವೇಳೆ ನಿಲ್ಲುವುದಿಲ್ಲ.

ಇದಕ್ಕೆ ಉತ್ತಮ ನಿದರ್ಶನ ಜಿಎಲ್‌ಪಿ-1. ಕರುಳಿನ ಎಲ್-ಕೋಶಗಳು ಸ್ರವಿಸುವ ಈ ಹಾರ್ಮೋನಿನ ಪ್ರಧಾನ ಸಕ್ರಿಯ ರೂಪದಲ್ಲಿ 30 ಅಮೈನೊ ಆಮ್ಲಗಳಿವೆ. ಸರಪಳಿಯ ಆದಿಯಲ್ಲಿ ಹಿಸ್ಟಿಡಿನ್, ಅನಂತರ ಅಲನಿನ್ ಇರುತ್ತವೆ. ಡೈಪೆಪ್ಟಿಡಿಲ್ ಪೆಪ್ಟಿಡೇಸ್-4 ಎಂಬ ಕಿಣ್ವವು ಈ ಅಲನಿನ್‌ನ ಮುಂದಿನ ಬಂಧವನ್ನು ಕತ್ತರಿಸುತ್ತದೆ. ಉಳಿಯುವ 28 ಅಮೈನೊ ಆಮ್ಲಗಳ ತುಣುಕು ಗ್ರಾಹಕವನ್ನು ಪ್ರಚೋದಿಸುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಮೆಂಟ್ಲೈನ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ಈ ಕ್ರಿಯೆಯನ್ನು ವಿವರಿಸಿದರು. ರಕ್ತದಲ್ಲಿ ಅಖಂಡ ಹಾರ್ಮೋನಿನ ಅರ್ಧಾಯು ಸುಮಾರು 2 ನಿಮಿಷಗಳು ಮಾತ್ರ.

ಪ್ರಯೋಗಾಲಯದ ತಟ್ಟೆಯಲ್ಲಿಯೂ ಈ ಕಿಣ್ವವು ಎರಡು ಮಾರ್ಗಗಳಿಂದ ಬರಬಹುದು. ಒಂದು, ಕೃಷಿ ಮಾಧ್ಯಮಕ್ಕೆ ಸೇರಿಸುವ ಸೀರಮ್. ಇನ್ನೊಂದು, ಜೀವಕೋಶದ ಹೊರಪೊರೆ. ಮಾನವನ ಕರುಳಿನ ಮೂಲದ ಕಾಕೊ-2 ಕೋಶಗಳ ಮೇಲ್ಮೈಯಲ್ಲಿ ಈ ಕಿಣ್ವವಿರುವುದರಿಂದ, ಸೀರಮ್ ತೆಗೆದುಹಾಕಿದ ಮಾತ್ರಕ್ಕೆ ವಿಘಟನೆ ನಿಲ್ಲುವುದಿಲ್ಲ. ಕಿಣ್ವದ ಪಾತ್ರವಿಲ್ಲದೆಯೂ ನಷ್ಟ ಸಂಭವಿಸುತ್ತದೆ: ಪೆಪ್ಟೈಡ್ ಪ್ಲಾಸ್ಟಿಕ್ಕಿನ ಗೋಡೆಗೆ ಅಂಟಿಕೊಳ್ಳುತ್ತದೆ, ಗ್ರಾಹಕದೊಡನೆ ಕೋಶದೊಳಗೆ ಸೇರಿಹೋಗುತ್ತದೆ, ಕೆಲವು ಪೆಪ್ಟೈಡುಗಳಲ್ಲಿ ಮೆಥಿಯೊನಿನ್ ಉತ್ಕರ್ಷಣಕ್ಕೆ ಒಳಗಾಗುತ್ತದೆ.

ಇದರ ಪರಿಣಾಮವನ್ನು ಸರಳ ಗಣಿತದಿಂದ ತಿಳಿಯಬಹುದು. ಮಾಧ್ಯಮದಲ್ಲಿ ಹಾರ್ಮೋನಿನ ಅರ್ಧಾಯು 20 ನಿಮಿಷ ಎಂದು ಭಾವಿಸಿದರೆ, 60 ನಿಮಿಷಗಳ ಕೊನೆಗೆ ಉಳಿಯುವುದು ಎಂಟನೆಯ ಒಂದು ಭಾಗ. ಆ ಅವಧಿಯ ಸರಾಸರಿ ಸಾರತೆ ಆರಂಭದ ಶೇಕಡಾ 42ರಷ್ಟು. ಪರೀಕ್ಷೆ 24 ಗಂಟೆ ನಡೆದರೆ ಬಹುಪಾಲು ಅವಧಿಯಲ್ಲಿ ಕೋಶಗಳ ಬಳಿ ಹಾರ್ಮೋನೇ ಇರುವುದಿಲ್ಲ.

ಎರಡು ಪೆಪ್ಟೈಡುಗಳನ್ನು ಹೋಲಿಸುವಾಗ ಈ ದೋಷ ಇನ್ನಷ್ಟು ಗಂಭೀರವಾಗುತ್ತದೆ. ಹೀಲಾ ಮಾನ್‌ಸ್ಟರ್ ಎಂಬ ಅಮೆರಿಕದ ವಿಷಯುಕ್ತ ಹಲ್ಲಿಯ ವಿಷದಿಂದ ಜಾನ್ ಎಂಗ್ ಮತ್ತು ಸಹೋದ್ಯೋಗಿಗಳು ಪ್ರತ್ಯೇಕಿಸಿ 1992ರಲ್ಲಿ ವರದಿ ಮಾಡಿದ ಎಕ್ಸೆಂಡಿನ್-4ರಲ್ಲಿ ಎರಡನೆಯ ಸ್ಥಾನದಲ್ಲಿ ಅಲನಿನ್ ಬದಲು ಗ್ಲೈಸಿನ್ ಇದೆ. ಆದ್ದರಿಂದ ಈ ಕಿಣ್ವವನ್ನು ಅದು ತಾಳಿಕೊಳ್ಳುತ್ತದೆ. ದೀರ್ಘಾವಧಿಯ ಪರೀಕ್ಷೆಯಲ್ಲಿ ಅದು ಜಿಎಲ್‌ಪಿ-1ಕ್ಕಿಂತ ಅನೇಕ ಪಟ್ಟು ಪ್ರಬಲವೆಂದು ಕಂಡರೆ, ಕಾರಣ ಗ್ರಾಹಕದೊಡನೆ ಅದರ ಬಂಧವೋ ಅಥವಾ ಕೇವಲ ಅದರ ಬಾಳಿಕೆಯೋ ಎಂಬುದು ಆ ಅಂಕಿಯಿಂದಷ್ಟೇ ತಿಳಿಯದು.

ಉಳಿದ ಹಾರ್ಮೋನನ್ನು ಅಳೆಯುವುದರಲ್ಲಿಯೂ ಎಚ್ಚರ ಅಗತ್ಯ. ಸರಪಳಿಯ ಅಂತ್ಯಭಾಗವನ್ನು ಮಾತ್ರ ಗುರುತಿಸುವ ಪ್ರತಿಕಾಯವು ಅಖಂಡ ಹಾರ್ಮೋನನ್ನೂ ತುಂಡಾದುದನ್ನೂ ಒಂದೇ ಎಂದು ಎಣಿಸುತ್ತದೆ. ಎರಡೂ ತುದಿಗಳನ್ನು ಗುರುತಿಸುವ ಜೋಡಿ ಪ್ರತಿಕಾಯಗಳಿಂದ ಅಥವಾ ದ್ರವ ವರ್ಣರೇಖನ ಹಾಗೂ ದ್ರವ್ಯರಾಶಿ ರೋಹಿತಮಾಪನದ ಸಂಯುಕ್ತ ವಿಧಾನದಿಂದ ಈ ಗೊಂದಲವನ್ನು ನಿವಾರಿಸಬಹುದು.

ವಿಘಟನೆಯನ್ನು ತಗ್ಗಿಸಲು ಪರೀಕ್ಷಾವಧಿಯನ್ನು ಮೊಟಕುಗೊಳಿಸುವುದು, ಸೀರಮ್ ಬದಲು ಶುದ್ಧೀಕರಿಸಿದ ಆಲ್ಬುಮಿನ್ ಬಳಸುವುದು, ಕಿಣ್ವ ಪ್ರತಿಬಂಧಕಗಳನ್ನು ಸೇರಿಸುವುದು ಉಪಯುಕ್ತ. ಆದರೆ ಪ್ರತಿಬಂಧಕದ ಆಯ್ಕೆ ನಿರ್ದಿಷ್ಟವಾಗಿರಬೇಕು. ಬಹಳವಾಗಿ ಬಳಕೆಯಲ್ಲಿರುವ ಅಪ್ರೊಟಿನಿನ್ ಡೈಪೆಪ್ಟಿಡಿಲ್ ಪೆಪ್ಟಿಡೇಸ್-4ನ್ನು ತಡೆಯುವುದಿಲ್ಲ. ಪ್ರತಿಬಂಧಕವನ್ನು ಮಾತ್ರ ಪಡೆದ ಕೋಶಗಳ ನಿಯಂತ್ರಣ ಕುಳಿಗಳೂ ಅವಶ್ಯಕ.

ವಿಘಟನೆಯನ್ನು ಕೇವಲ ಅಡಚಣೆಯೆಂದು ಬದಿಗಿಡುವುದೂ ಸರಿಯಲ್ಲ. ಈ ಕಿಣ್ವವನ್ನು ತಡೆಯುವ ಸಿಟಾಗ್ಲಿಪ್ಟಿನ್ 2006ರಲ್ಲಿ ಅಮೆರಿಕದಲ್ಲಿ ಮಧುಮೇಹದ ಔಷಧಿಯಾಗಿ ಅನುಮೋದನೆ ಪಡೆಯಿತು. ಎಕ್ಸೆಂಡಿನ್-4ರ ಸಂಶ್ಲೇಷಿತ ರೂಪವು ಅದಕ್ಕೂ ಮೊದಲು, 2005ರಲ್ಲಿ ಅನುಮೋದಿತವಾಗಿತ್ತು. ಎರಡಕ್ಕೂ ಪ್ರೇರಣೆಯಾದುದು ಹಾರ್ಮೋನಿನ ಅಲ್ಪಾಯುಷ್ಯದ ಅರಿವು. ಆದ್ದರಿಂದ ಪೆಪ್ಟೈಡ್ ಗ್ರಾಹಕವನ್ನು ಎಷ್ಟು ಪ್ರಚೋದಿಸುತ್ತದೆ ಹಾಗೂ ಎಷ್ಟು ಕಾಲ ಉಳಿಯುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಪ್ರತ್ಯೇಕ ಉತ್ತರ ಪಡೆಯಬೇಕು. ಸೇರಿಸಿದ ಪ್ರಮಾಣದೊಡನೆ ಪರೀಕ್ಷೆಯ ಕೊನೆಗೆ ಉಳಿದ ಪ್ರಮಾಣವನ್ನೂ ದಾಖಲಿಸಿದಾಗ ಮಾತ್ರ ಬೇರೆ ಬೇರೆ ಪ್ರಯೋಗಾಲಯಗಳ ಫಲಿತಾಂಶಗಳು ಹೋಲಿಕೆಗೆ ಅರ್ಹವಾಗುತ್ತವೆ.