ಉಪ್ಪಿನಿಂದ ಉಕ್ಕಿನವರೆಗೆ: ಮುಂದಾಳುಗಳು ತಯಾರಾಗುವ ಬಗೆ

ಮಗನಿಗೋ ಮಗಳಿಗೋ ದೊಡ್ಡ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತೆಂದರೆ ತಂದೆ ತಾಯಿಯರ ಅರ್ಧ ಚಿಂತೆ ಕಳೆದಂತೆ. ಸಂಬಳ ಎಷ್ಟು, ಊರು ಯಾವುದು ಎಂದು ನೆಂಟರಿಷ್ಟರು ವಿಚಾರಿಸುತ್ತಾರೆ. ಸಿಹಿ ಹಂಚುವುದೂ ಆಗುತ್ತದೆ. ಆದರೆ ಮುಂದಿನ ಮೂವತ್ತು ವರ್ಷಗಳಲ್ಲಿ ಆ ಹುಡುಗ ಅಥವಾ ಹುಡುಗಿ ಏನಾಗಬಹುದು ಎಂದು ಕೇಳುವವರು ವಿರಳ. ಒಳ್ಳೆಯ ಕಂಪನಿಗಳು ಮಾತ್ರ ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಳ್ಳುತ್ತವೆ. ಇಂದು ತರಬೇತಿಗೆ ಬಂದವರಲ್ಲಿ ಇಪ್ಪತ್ತು ವರ್ಷಗಳ ನಂತರ ಇಡೀ ಕಾರ್ಖಾನೆಯನ್ನು ನಡೆಸಬಲ್ಲವರು ಯಾರು? ಅವರನ್ನು ಬೆಳೆಸುವುದು ಹೇಗೆ?

ಇದಕ್ಕೆ ಉತ್ತರ ಹುಡುಕಲು ಟಾಟಾ ಸಮೂಹ ಒಳ್ಳೆಯ ಉದಾಹರಣೆ. ಉಪ್ಪು, ಉಕ್ಕು, ಲಾರಿ, ಕೈಗಡಿಯಾರ, ಹೋಟೆಲು, ಕಂಪ್ಯೂಟರ್ ತಂತ್ರಾಂಶ – ಒಂದಕ್ಕೊಂದು ಸಂಬಂಧವೇ ಇಲ್ಲದ ಉದ್ಯಮಗಳು ಅಲ್ಲಿ ಒಂದೇ ಹೆಸರಿನಡಿ ನಡೆಯುತ್ತವೆ. ಇವೆಲ್ಲವನ್ನೂ ಬಲ್ಲ ವ್ಯಕ್ತಿ ಯಾವ ಕಾಲೇಜಿನಲ್ಲೂ ತಯಾರಾಗುವುದಿಲ್ಲ. ಆದ್ದರಿಂದ ಕಂಪನಿಯೇ ಶಾಲೆಯಾಗಬೇಕಾಯಿತು.

ಕಾರ್ಖಾನೆಯೇ ಪಾಠಶಾಲೆ

1907ರಲ್ಲಿ ಸ್ಥಾಪನೆಯಾದ ಟಾಟಾ ಉಕ್ಕಿನ ಕಂಪನಿ 1912ರಲ್ಲಿ ಉಕ್ಕು ತಯಾರಿಸತೊಡಗಿತು. ಮೊದಲ ವರ್ಷಗಳಲ್ಲಿ ಮುಖ್ಯ ಹುದ್ದೆಗಳಲ್ಲಿದ್ದವರು ವಿದೇಶಿ ತಜ್ಞರು. ಅವರ ಸಂಬಳ ದುಬಾರಿ. ಅವರು ಹಿಂದಿರುಗಿದರೆ ಅವರೊಂದಿಗೆ ವಿದ್ಯೆಯೂ ಹೊರಟುಹೋಗುತ್ತಿತ್ತು. ಈ ಅವಲಂಬನೆ ತಪ್ಪಿಸಲು 1921ರಲ್ಲಿ ಜಮ್‌ಶೆಡ್‌ಪುರ ತಾಂತ್ರಿಕ ಸಂಸ್ಥೆ ಆರಂಭವಾಯಿತು. ವಿದೇಶಿಯರ ಕುರ್ಚಿಗಳಲ್ಲಿ ಕ್ರಮೇಣ ಭಾರತೀಯರು ಕುಳಿತರು.

ಎರಡನೆಯ ಹೆಜ್ಜೆ 1956ರದು. ಸರ್ಕಾರಕ್ಕೆ ಐ.ಎ.ಎಸ್. ಇರುವಂತೆ ಸಮೂಹಕ್ಕೂ ತನ್ನದೇ ಆಡಳಿತಗಾರರ ಪಡೆ ಬೇಕೆಂದು ಜೆ.ಆರ್.ಡಿ. ಟಾಟಾ ಅವರು ಟಾಟಾ ಆಡಳಿತ ಸೇವೆಯನ್ನು ಆರಂಭಿಸಿದರು. ಜಿಲ್ಲಾಧಿಕಾರಿ ಇಂದು ಕಂದಾಯ, ನಾಳೆ ಕೈಗಾರಿಕೆ ನೋಡಿಕೊಳ್ಳುವಂತೆ ಇಲ್ಲಿ ಆಯ್ಕೆಯಾದವರು ಯಾವುದೋ ಒಂದು ಕಂಪನಿಗೆ ಸೀಮಿತರಲ್ಲ. ಇಡೀ ಸಮೂಹಕ್ಕೆ ಸೇರಿದವರು. ಒಂದು ಉದ್ಯಮದಿಂದ ಇನ್ನೊಂದಕ್ಕೆ ಅವರನ್ನು ಕಳಿಸಿ ಪಳಗಿಸುವುದು ಇದರ ಉದ್ದೇಶ. 1966ರಲ್ಲಿ ಪುಣೆಯಲ್ಲಿ ಟಾಟಾ ಮ್ಯಾನೇಜ್‌ಮೆಂಟ್ ತರಬೇತಿ ಕೇಂದ್ರವೂ ಸ್ಥಾಪನೆಯಾಯಿತು.

ಸಲಿಕೆ ಹಿಡಿದ ಕೈಗಳು

ಜೆ.ಆರ್.ಡಿ. ಅವರು 1925ರಲ್ಲಿ ಟಾಟಾ ಕಚೇರಿಗೆ ಬಂದದ್ದು ಸಂಬಳವಿಲ್ಲದ ಅಪ್ರೆಂಟಿಸ್ ಆಗಿ. 1938ರಲ್ಲಿ, ತಮ್ಮ 34ನೆಯ ವಯಸ್ಸಿನಲ್ಲಿ, ಅಧ್ಯಕ್ಷರಾದರು. ಅಮೆರಿಕದಲ್ಲಿ ವಾಸ್ತುಶಿಲ್ಪ ಓದಿದ ರತನ್ ಟಾಟಾ 1962ರಲ್ಲಿ ಸಮೂಹವನ್ನು ಸೇರಿದಾಗ ಜಮ್‌ಶೆಡ್‌ಪುರದ ಕಾರ್ಖಾನೆಯಲ್ಲಿ ಸಲಿಕೆ ಹಿಡಿದು ಸುಣ್ಣದ ಕಲ್ಲು ತುಂಬಿದರು, ಊದುಕುಲುಮೆಯ ಬಳಿ ದುಡಿದರು. 1971ರಲ್ಲಿ ಅವರಿಗೆ ವಹಿಸಿದ್ದು ನಷ್ಟದಲ್ಲಿದ್ದ ನೆಲ್ಕೊ ಎಂಬ ರೇಡಿಯೊ ಕಂಪನಿ. ಅಲ್ಲಿ ಅವರಿಗೆ ಪೂರ್ಣ ಗೆಲುವು ದೊರೆಯಲಿಲ್ಲ. ಆದರೂ 1991ರಲ್ಲಿ ಇಡೀ ಸಮೂಹದ ಹೊಣೆ ಅವರಿಗೇ ಬಂತು. ಕಷ್ಟದ ಕೆಲಸ ಕೊಡುವುದೂ, ಅಲ್ಲಿ ಪೂರ್ತಿ ಗೆಲ್ಲದಿದ್ದರೂ ವ್ಯಕ್ತಿಯನ್ನು ಕೈಬಿಡದಿರುವುದೂ ತರಬೇತಿಯ ಭಾಗವೇ.

'ಅವರು ಮನೆತನದವರು, ಆದ್ದರಿಂದ ಮೇಲೆ ಬಂದರು' ಎಂದು ಯಾರಾದರೂ ಹೇಳಬಹುದು. ಆ ಮಾತಿನಲ್ಲಿ ನಿಜವಿಲ್ಲದೆ ಇಲ್ಲ. ಹಾಗಾದರೆ ಮನೆತನದ ಬೆಂಬಲವಿಲ್ಲದವರ ಪಾಡೇನು?

ಕಾವೇರಿ ದಡದ ಹಳ್ಳಿಯಿಂದ

ಎಸ್. ರಾಮದೊರೈ ಅವರು ಭೌತಶಾಸ್ತ್ರದಲ್ಲಿ ಪದವಿ ಪಡೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಓದಿದವರು. 1972ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಸೇರಿದಾಗ ಅವರು ಒಬ್ಬ ತರಬೇತಿ ಎಂಜಿನಿಯರ್. 1996ರಲ್ಲಿ ಅದೇ ಕಂಪನಿಯ ಮುಖ್ಯಸ್ಥರಾದರು.

ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯಲ್ಲಿ, ಕಾವೇರಿ ದಡದ ಮೋಹನೂರಿನಲ್ಲಿ ತಮಿಳು ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಓದಿದವರು ಎನ್. ಚಂದ್ರಶೇಖರನ್. ವಿಜ್ಞಾನ ಪದವಿಯ ನಂತರ ತಿರುಚಿರಾಪಳ್ಳಿಯ ರೀಜನಲ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಂ.ಸಿ.ಎ. ಮಾಡಿ 1987ರಲ್ಲಿ ಅದೇ ಕಂಪನಿಗೆ ಬಂದರು. ಮುಂದೆ ರಾಮದೊರೈ ಅವರ ಕಾರ್ಯಾಲಯದಲ್ಲಿ ಸಹಾಯಕರಾಗಿ ದುಡಿದರು. ಇಂಥ ಹುದ್ದೆಯನ್ನು ಹಗುರವಾಗಿ ಕಾಣಬಾರದು. ಹಿರಿಯರು ಸಮಸ್ಯೆಯನ್ನು ಹೇಗೆ ಬಿಡಿಸುತ್ತಾರೆ, ಯಾವಾಗ ಮಾತನಾಡುತ್ತಾರೆ, ಯಾವಾಗ ಸುಮ್ಮನಿರುತ್ತಾರೆ ಎಂಬುದನ್ನು ಹತ್ತಿರದಿಂದ ಕಲಿಯುವ ಜಾಗ ಅದು. 2009ರಲ್ಲಿ, ಲಕ್ಷಕ್ಕೂ ಮೀರಿದ ನೌಕರರಿದ್ದ ಆ ಕಂಪನಿಯ ಚುಕ್ಕಾಣಿ ಚಂದ್ರಶೇಖರನ್ ಅವರ ಕೈಗೆ ಬಂತು. 2017ರಲ್ಲಿ ಅವರು ಸಮೂಹದ ಮಾತೃಸಂಸ್ಥೆಯಾದ ಟಾಟಾ ಸನ್ಸ್‌ನ ಅಧ್ಯಕ್ಷರಾದರು. ಸೇರಿದ ದಿನದಿಂದ ಎಣಿಸಿದರೆ ಮೂವತ್ತು ವರ್ಷ!

ಹೊಸೂರಿನ ಗಡಿಯಾರಗಳು

ಒಬ್ಬ ನಾಯಕ ತಯಾರಾದರೆ ಅವನಿಂದ ಮತ್ತೆಷ್ಟು ಜನ ತಯಾರಾಗುತ್ತಾರೆ ಎಂಬುದಕ್ಕೆ ಬೆಂಗಳೂರಿನ ನೆರೆಯಲ್ಲೇ ನಿದರ್ಶನವಿದೆ. ಟಾಟಾ ಆಡಳಿತ ಸೇವೆಯ ಮೂಲಕ 1961ರಲ್ಲಿ ಬಂದ ಕ್ಸೆರ್ಕ್ಸೆಸ್ ದೇಸಾಯಿ ಅವರು ಟಾಟಾ ಪ್ರೆಸ್ ಎಂಬ ಮುದ್ರಣಾಲಯವನ್ನು ನಡೆಸುತ್ತಿದ್ದವರು. ಮುದ್ರಣಕ್ಕೂ ಗಡಿಯಾರಕ್ಕೂ ಎಲ್ಲಿಯ ಸಂಬಂಧ? ಆದರೆ 1984ರಲ್ಲಿ, ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮದ ಸಹಭಾಗಿತ್ವದಲ್ಲಿ, ಟೈಟಾನ್ ಸಂಸ್ಥೆಯನ್ನು ಕಟ್ಟಿದವರು ಅವರೇ. ಬೆಂಗಳೂರಿನ ಎಚ್.ಎಂ.ಟಿ.ಯಲ್ಲಿ ಪಳಗಿದ ತಂತ್ರಜ್ಞರು ಅವರ ಜೊತೆಗೂಡಿದರು. ಹೊಸೂರಿನ ಕಾರ್ಖಾನೆಗೆ ಆಸುಪಾಸಿನ ಜಿಲ್ಲೆಗಳಲ್ಲಿ ಆಗಷ್ಟೇ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ಆರಿಸಿ, ಕೂದಲೆಳೆಯಷ್ಟೂ ವ್ಯತ್ಯಾಸ ಸಹಿಸದ ಸೂಕ್ಷ್ಮ ಕೆಲಸವನ್ನು ಕಲಿಸಲಾಯಿತು. ಯಂತ್ರವನ್ನೇ ಕಾಣದ ಮನೆಗಳಿಂದ ಬಂದ ಮಕ್ಕಳೂ ಅವರಲ್ಲಿದ್ದರು. ಪ್ರತಿಭೆ ಎಲ್ಲ ಕಡೆ ಇರುತ್ತದೆ. ಕಲಿಸುವವರು ಬೇಕು, ಅಷ್ಟೆ.

ಎಡವಿದ ಹೆಜ್ಜೆಗಳು

ಇಷ್ಟೆಲ್ಲ ಮಾಡಿದ ಸಮೂಹವೂ ಎಡವಿದ್ದುಂಟು. 1974ರಲ್ಲಿ ಟೆಲ್ಕೊ ಕಂಪನಿ ಎಂಜಿನಿಯರುಗಳು ಬೇಕೆಂದು ಪ್ರಕಟಿಸಿದ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಎಂದಿತ್ತು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದ ಸುಧಾ ಕುಲಕರ್ಣಿ – ಇಂದಿನ ಸುಧಾ ಮೂರ್ತಿ – ಇದನ್ನು ಆಕ್ಷೇಪಿಸಿ ನೇರವಾಗಿ ಜೆ.ಆರ್.ಡಿ. ಅವರಿಗೆ ಕಾರ್ಡು ಬರೆದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ದೊರೆಯಿತು. ಅರ್ಧದಷ್ಟು ಪ್ರತಿಭೆಯನ್ನು ಬಾಗಿಲಲ್ಲೇ ತಡೆದರೆ ನಷ್ಟ ಕಂಪನಿಗೇ ಎಂಬುದನ್ನು ಒಂದು ಅಂಚೆ ಕಾರ್ಡು ಕಲಿಸಿತು.

ಉತ್ತರಾಧಿಕಾರಿಯ ಆಯ್ಕೆಯೂ ಪ್ರತಿ ಸಲ ಸುಗಮವಾಗಲಿಲ್ಲ. 2012ರಲ್ಲಿ ಅಧ್ಯಕ್ಷರಾದ ಸೈರಸ್ ಮಿಸ್ತ್ರಿ ಅವರನ್ನು 2016ರಲ್ಲಿ ಪದಚ್ಯುತಗೊಳಿಸಲಾಯಿತು. ಆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನಾಯಕರನ್ನು ಬೆಳೆಸುವುದಷ್ಟೇ ಅಲ್ಲ, ಅಧಿಕಾರವನ್ನು ನೆಮ್ಮದಿಯಿಂದ ಹಸ್ತಾಂತರಿಸುವುದೂ ಕಲಿಯಬೇಕಾದ ವಿದ್ಯೆ.

ವಿದ್ಯಾರ್ಥಿಗಳಿಗೆ ಕಿವಿಮಾತು

ಕ್ಯಾಂಪಸ್ ಸಂದರ್ಶನಕ್ಕೆ ಸಿದ್ಧರಾಗುತ್ತಿರುವವರು ಸಂಬಳದ ಜೊತೆಗೆ ಇನ್ನೂ ಮೂರು ವಿಷಯ ವಿಚಾರಿಸಿಕೊಳ್ಳುವುದು ಒಳ್ಳೆಯದು. ಮೊದಲ ವರ್ಷ ಏನು ಕಲಿಸುತ್ತಾರೆ? ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗಲು ಅವಕಾಶ ಉಂಟೆ? ಅಲ್ಲಿನ ಹಿರಿಯ ಹುದ್ದೆಗಳಲ್ಲಿ ಕೆಳಗಿನಿಂದ ಬಂದವರು ಎಷ್ಟು ಮಂದಿ?

ತಂದೆ ತಾಯಿಯರೂ ಒಂದು ಮಾತು ನೆನಪಿಡಬೇಕು. 'ಇಷ್ಟು ಓದಿಸಿದ್ದು ಕಾರ್ಖಾನೆಯ ಮಸಿ ಬಳಿದುಕೊಳ್ಳಲಿಕ್ಕೆಯೆ?' ಎಂದು ಮರುಗಿ ಆರು ತಿಂಗಳಲ್ಲೇ ಕೆಲಸ ಬಿಡಿಸುವವರಿದ್ದಾರೆ. ರಾತ್ರಿ ಪಾಳಿ, ದೂರದ ಊರಿಗೆ ವರ್ಗ, ಯಾರೂ ಗಮನಿಸದ ಸಣ್ಣ ಕೆಲಸ – ಇವು ಅವಮಾನವಲ್ಲ, ಅಭ್ಯಾಸ. ಆದರೆ ವರ್ಷ ಎರಡು ವರ್ಷ ಕಳೆದರೂ ಹೊಸದೇನನ್ನೂ ಕಲಿಸದೆ ಬರೀ ದುಡಿಸಿಕೊಳ್ಳುವ ಜಾಗದಲ್ಲಿ ನಿಷ್ಠೆಯ ಹೆಸರಿನಲ್ಲಿ ಕೊಳೆಯಬೇಕಾಗಿಲ್ಲ. ಕಲಿಸುವ ಕಷ್ಟ ಯಾವುದು, ಬರೀ ಸವೆಸುವ ಕಷ್ಟ ಯಾವುದು ಎಂದು ಗುರುತಿಸುವುದೇ ಜಾಣತನ.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಹೊಲಕ್ಕಷ್ಟೇ ಹೇಳಿದ್ದಲ್ಲ, ಕಂಪನಿಗೂ ಹೊಂದುತ್ತದೆ. ಪದವಿ ಬಾಗಿಲು ತೆರೆಯುತ್ತದೆ. ಒಳಗೆ ನಡೆಯಬೇಕಾದ ದಾರಿಯನ್ನು ಕಾಲುಗಳೇ ಸವೆಸಬೇಕು.